ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಶುಗರ್ ಬಿಪಿಗೆ ಬೇಕಿರೋದು ನಮ್ಮನ್ನ ಬಲ್ಲ ಒಬ್ಬ ಡಾಕ್ಟರ್

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಶುಗರ್, ಬಿಪಿ ಇರೋ ಮನೆಗಳಿಗೆ ಖಾಯಂ ಆಗಿ ಒಬ್ಬ ಫ್ಯಾಮಿಲಿ ಡಾಕ್ಟರ್ ಗೊತ್ತು ಮಾಡಿಕೊಡುವ ಬಗ್ಗೆ.

ಮಾನ್ಯರೇ, ನಮಸ್ಕಾರ.

ನಾನು ಹಾಸನ ಜಿಲ್ಲೆಯವನು, ತಾಲೂಕು ಕೇಂದ್ರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇಟ್ಕೊಂಡಿದೀನಿ, ಯಾವ ಪಾರ್ಟಿಯವನೂ ಅಲ್ಲ. ಮನೇಲಿ ಅಮ್ಮನಿಗೆ ಶುಗರ್ ಬಿಪಿ ಎರಡೂ ಇದೆ, ಅಣ್ಣನಿಗೆ ಬಿಪಿ, ನನಗೆ ಬಾರ್ಡರ್‌ನಲ್ಲಿದೆ ಅಂದಿದಾರೆ. ನಿಮ್ಮ ಇಲಾಖೆ ಭಾಷೇಲಿ ಹೇಳೋದಾದ್ರೆ ನಮ್ಮದು ಅಸಾಂಕ್ರಾಮಿಕ ರೋಗಗಳ ಮನೆ. ಇದೇನು ನಮ್ಮ ಮನೆ ಒಂದರ ಕಥೆ ಅಲ್ಲ ಬಿಡಿ, ನಮ್ಮ ಬೀದೀಲಿ ಯಾವ ಮನೆಗೆ ಹೋದ್ರೂ ಫ್ರಿಜ್ ಮೇಲೆ ಒಂದು ಮಾತ್ರೆ ಡಬ್ಬಿ ಇದ್ದೇ ಇರುತ್ತೆ.

ಮೊದಲೇ ಹೇಳಿಬಿಡ್ತೀನಿ, ನಿಮ್ಮ ಇಲಾಖೆ ಏನೂ ಮಾಡಿಲ್ಲ ಅಂತ ಬೈಯೋಕೆ ಇದನ್ನ ಬರೀತಿಲ್ಲ. ಹಾರ್ಟ್ ಅಟ್ಯಾಕ್ ಆದವರಿಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಇಂಜೆಕ್ಷನ್ ಫ್ರೀಯಾಗಿ ಕೊಡೋ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಒಳ್ಳೇದು. ಕೋಲಾರದಲ್ಲಿ 2024ರಲ್ಲಿ ಶುರು ಮಾಡಿ ಆಮೇಲೆ ಬೇರೆ ಜಿಲ್ಲೆಗಳಿಗೂ ತಂದ ಗೃಹ ಆರೋಗ್ಯ ಯೋಜನೆ ಇನ್ನೂ ಒಳ್ಳೇದು, ಮನೆ ಬಾಗಿಲಿಗೆ ಬಂದು ಬಿಪಿ ಶುಗರ್ ನೋಡ್ತಾರೆ ಅಂದ್ರೆ ಸಣ್ಣ ಮಾತಲ್ಲ. ನನ್ನ ತಕರಾರು ಇರೋದು ಇವೆರಡರ ಮಧ್ಯ ಖಾಲಿ ಬಿದ್ದಿರೋ ಜಾಗದ ಬಗ್ಗೆ. ಕಾಯಿಲೆ ಇದೆ ಅಂತ ಕಂಡುಹಿಡಿಯೋಕೆ ಜನ ಇದಾರೆ, ಎದೆ ಹಿಡ್ಕೊಂಡು ಬಿದ್ದಾಗ ನೋಡೋಕೂ ಜನ ಇದಾರೆ. ನಡುವಿನ ಇಪ್ಪತ್ತು ಇಪ್ಪತ್ತೈದು ವರ್ಷ ನೋಡ್ಕೊಳ್ಳೋರು ಯಾರು?

2025ರ ಜೂನ್ ಜುಲೈನಲ್ಲಿ ನಮ್ಮ ಜಿಲ್ಲೆ ಹೆಸರು ದಿನಾ ಟಿವೀಲಿ ಬಂತು, ನೆನಪಿರಬೇಕು ನಿಮಗೆ. ವಯಸ್ಸಿನ ಹುಡುಗರೂ ಸೇರಿ ಒಬ್ಬರ ಹಿಂದೆ ಒಬ್ಬರು ಹಾರ್ಟ್ ಅಟ್ಯಾಕ್ ಆಗಿ ಹೋದರು ಅನ್ನೋ ಸುದ್ದಿ, ದಿನಾ ಬೆಳಗ್ಗೆ ವಾಟ್ಸಾಪ್‌ನಲ್ಲಿ ಒಂದು ಹೊಸ ಫೋಟೋ. ಜನ ಮೊದಲನೇ ಬಸ್ಸು ಹತ್ಕೊಂಡು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಿ ಕ್ಯೂ ನಿಂತರು, ಗಾಬರಿ ಬೀಳಬೇಡಿ ಅಂತ ಆಸ್ಪತ್ರೆಯವರೇ ಮನವಿ ಮಾಡಬೇಕಾಯ್ತು. ಆಮೇಲೆ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿಸಿದ್ರಿ, ಹಾಸನದಲ್ಲಿ ಅಸಹಜ ಏರಿಕೆ ಏನೂ ಆಗಿಲ್ಲ, ಶುಗರ್, ಬಿಪಿ, ತಂಬಾಕು ಇಂಥ ಹಳೇ ಕಾರಣಗಳೇ ಅಂತ ವರದಿ ಬಂತು. ನಾನು ಆ ವರದೀನ ನಂಬ್ತೀನಿ. ಆದರೆ ಆ ಕ್ಯೂ ಏನು ಹೇಳ್ತಿತ್ತು ಅನ್ನೋದನ್ನ ಯಾರೂ ವರದಿ ಮಾಡಲಿಲ್ಲ. ನಮ್ಮ ಅಂಗಡಿಗೆ ಬರೋ ಪೇಂಟರ್ ಹುಡುಗ ಒಬ್ಬ ಕೆಲಸ ಬಿಟ್ಟು, ಕೂಲಿ ಕಳ್ಕೊಂಡು ಅಷ್ಟು ದೂರ ಹೋಗಿ ಬಂದ. ಯಾಕಪ್ಪಾ ಇಲ್ಲೇ ತೋರಿಸ್ಬೋದಿತ್ತಲ್ಲ ಅಂದ್ರೆ, "ಇಲ್ಲಿ ಯಾರಿಗೆ ಕೇಳೋದಣ್ಣ?" ಅಂದ. ಅಷ್ಟೇ ಸಾರ್ ವಿಷಯ. ನಿಮ್ಮಪ್ಪನಿಗೆ ಐವತ್ತಕ್ಕೇ ಆಗಿತ್ತು, ನೀನು ಬೀಡಿ ಬಿಡು, ನಾಳೆ ಬಾ ಇಸಿಜಿ ತೆಗೆಯೋಣ ಅಂತ ಒಬ್ಬನಿಗೆ, ನಿನಗೆ ಏನೂ ಆಗಿಲ್ಲ ಅದು ಗ್ಯಾಸು, ಮನೆಗೆ ಹೋಗು ಅಂತ ಇನ್ನೊಬ್ಬನಿಗೆ ಹೇಳೋ ಡಾಕ್ಟರ್ ಊರಲ್ಲಿದ್ದಿದ್ರೆ ಆ ಕ್ಯೂನಲ್ಲಿ ಅರ್ಧ ಜನ ಇರ್ತಿರಲಿಲ್ಲ ಅನ್ನೋದು ನನ್ನ ಅಂದಾಜು.

ಈಗ ನಮ್ಮ ಅಮ್ಮನ ವಿಷಯ ಹೇಳ್ತೀನಿ, ಬರೀ ದೂರು ಅನ್ಕೋಬೇಡಿ, ವ್ಯವಸ್ಥೆ ಎಲ್ಲಿ ಸೋರ್ತಿದೆ ಅಂತ ಇದರಲ್ಲೇ ಕಾಣುತ್ತೆ. ಅಮ್ಮನಿಗೆ ಬಿಪಿ ಮಾತ್ರೆ ಒಬ್ಬರು ಡಾಕ್ಟರ್ ಬರೆದುಕೊಟ್ಟಿದ್ರು, ಆಮ್ಲೋಡಿಪಿನ್ ಐದು ಎಂಜಿ. ಆಮೇಲೆ ಶುಗರ್ ತೋರಿಸೋಕೆ ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಗೆ ಹೋದಾಗ ಅಲ್ಲಿನ ಸ್ಪೆಷಲಿಸ್ಟ್ ಬಿಪಿ ಜಾಸ್ತಿ ಇದೆ ಅಂತ ಒಂದು ಕಾಂಬಿನೇಷನ್ ಮಾತ್ರೆ ಕೊಟ್ರು, ಅದರೊಳಗೂ ಇನ್ನೊಂದು ಔಷಧಿ ಜೊತೆ ಅದೇ ಆಮ್ಲೋಡಿಪಿನ್, ಹೆಸರು ಮಾತ್ರ ಬೇರೆ ಕಂಪನೀದು. ಹಳೇದನ್ನ ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ, ಯಾಕಂದ್ರೆ ಹಳೇದು ಇದೆ ಅಂತ ಅವರಿಗೆ ಗೊತ್ತೇ ಇಲ್ಲ. ಸ್ವಲ್ಪ ದಿನಕ್ಕೆ ಅಮ್ಮನ ಪಾದ ಊದ್ಕೊಳ್ಳೋಕೆ ಶುರು, ಸಾಯಂಕಾಲ ಆದ್ರೆ ಬೆರಳಿಂದ ಒತ್ತಿದ್ರೆ ಗುಳಿ ಬೀಳೋದು. ಇನ್ನೊಂದು ಕಡೆ ತೋರಿಸಿದ್ವಿ, ಅಲ್ಲಿ ಇನ್ನೊಬ್ಬರು ಊತಕ್ಕೆ ಅಂತ ನೀರು ಹೋಗೋ ಮಾತ್ರೆ ಕೊಟ್ರು, ಜೊತೆಗೆ ಎಕೋ ಸ್ಕ್ಯಾನು. ಆ ಮಾತ್ರೆ ತಗೊಂಡು ಅಮ್ಮ ರಾತ್ರಿ ಮೇಲಿಂದ ಮೇಲೆ ಏಳೋದು, ಎದ್ದಾಗ ತಲೆ ಸುತ್ತೋದು. ಮೂರು ಜನ ಡಾಕ್ಟರೂ ಓದಿಕೊಂಡವರೇ, ಒಬ್ಬೊಬ್ಬರನ್ನೇ ತಗೊಂಡ್ರೆ ಯಾರದ್ದೂ ತಪ್ಪು ಅನ್ನೋ ಹಾಗೂ ಇಲ್ಲ. ಅಮ್ಮನ ಡಬ್ಬಿ ಪೂರ್ತಿ ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಕೊನೆಗೆ ನೋಡಿದ್ದು ಯಾರು ಗೊತ್ತಾ, ನಮ್ಮ ಹತ್ತಿರದ ಪಿಎಚ್‌ಸಿಗೆ, ಅಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಬಾಂಡ್ ಮೇಲೆ (ಓದು ಮುಗಿಸಿದ ಮೇಲಿನ ಕಡ್ಡಾಯ ಸೇವೆಗೆ) ಬಂದಿದ್ದ ಒಬ್ಬ ಹುಡುಗಿ, ಆಗಷ್ಟೇ ಎಂಬಿಬಿಎಸ್ ಮುಗಿಸಿದ್ಲು. ಅಜ್ಜಿ ಮನೇಲಿರೋ ಮಾತ್ರೆ ಎಲ್ಲಾ ತಗೊಂಡ್ ಬನ್ನಿ, ಒಂದೂ ಬಿಡಬೇಡಿ ಅಂದ್ಲು. ಅಮ್ಮ ಬಿಸ್ಕತ್ ಡಬ್ಬಿ ಸಮೇತ ತಗೊಂಡ್ಹೋಗಿ ಟೇಬಲ್ ಮೇಲೆ ಸುರಿದ್ರು. ಆಕೆ ಒಂದೊಂದೇ ಶೀಟ್ ತಿರುಗಿಸಿ, ಹಿಂದೆ ಬೆಳ್ಳಿ ಕಾಗದದ ಮೇಲೆ ಇರೋ ಸಣ್ಣ ಅಕ್ಷರ ಓದಿ, ಒಂದೇ ಔಷಧಿ ಇರೋದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದ್ಲು. "ಅಜ್ಜಿ, ಇದನ್ನ ಯಾರು ಕೊಟ್ರು?" "ಹಾಸನದ್ ಡಾಕ್ಟ್ರು ಕಣವ್ವ." "ಇದು?" "ಅದು ಹಳೇದು, ಅದುನ್ನೂ ತಗೋತಿವ್ನಿ." ಅಷ್ಟೊತ್ತಿಗೆ ಅಲ್ಲಿ ಸಿಕ್ಕಿಬಿತ್ತು, ಒಂದೇ ಆಮ್ಲೋಡಿಪಿನ್ ಎರಡು ಹೆಸರಲ್ಲಿ ಹೊಟ್ಟೆಗೆ ಹೋಗ್ತಿತ್ತು, ಕಾಲು ಊದ್ತಿದ್ದಿದ್ದೂ ಅದಕ್ಕೇ. ಒಂದು ನಿಲ್ಲಿಸಿದ್ಲು, ಎರಡು ವಾರ ಬಿಟ್ಟು ಬನ್ನಿ ಅಂದ್ಲು, ಊತ ಇಳೀತು, ಆಮೇಲೆ ನೀರಿನ ಮಾತ್ರೇನೂ ನಿಲ್ಲಿಸಿದ್ಲು. ಡಬ್ಬೀಲಿ ಅಡಿಗೆ ಒಂದು ನೋವಿನ ಮಾತ್ರೆ ಇತ್ತು, ಮಂಡಿ ನೋವಿಗೆ ಅಂತ ಮೆಡಿಕಲ್ ಶಾಪಲ್ಲಿ ಕೇಳಿ ತಂದಿದ್ದು, ಅದನ್ನ ನೋಡಿ ಮಾತ್ರ ಆಕೆಗೆ ನಿಜವಾಗ್ಲೂ ಸಿಟ್ಟು ಬಂತು, ಬಿಪಿ ಶುಗರ್ ಇರೋರು ಇದನ್ನ ದಿನಾ ನುಂಗಿದ್ರೆ ಬಿಪಿನೂ ಏರುತ್ತೆ ಕಿಡ್ನಿನೂ ಹೋಗುತ್ತೆ ಅಂದ್ಲು. ಇಷ್ಟಕ್ಕೂ ಖರ್ಚಾಗಿದ್ದು ಆಕೆಯ ಅರ್ಧ ಗಂಟೆ, ಮೆಷಿನ್ ಇಲ್ಲ ಸ್ಕ್ಯಾನ್ ಇಲ್ಲ.

ಆಮೇಲೇನಾಯ್ತು ಅಂದ್ರೆ, ಬಾಂಡ್ ಮುಗೀತು, ಆಕೆ ನೀಟ್ ಪಿಜಿ ಓದೋಕೆ ಹೋದ್ಲು. ಹೋಗಬೇಕಾದ್ದೇ, ಆಕೆಯ ಜೀವನ ಆಕೇದು. ಆಕೆ ಜಾಗಕ್ಕೆ ಕಾಂಟ್ರಾಕ್ಟ್ ಮೇಲೆ ಒಬ್ಬರು ಬಂದ್ರು, ಅವರೂ ಹೆಚ್ಚು ದಿನ ನಿಲ್ಲಲಿಲ್ಲ, ಈಗ ಪಕ್ಕದ ಪಿಎಚ್‌ಸಿ ಡಾಕ್ಟರ್‌ಗೇ ಪ್ರಭಾರ. ಅಮ್ಮನಿಗೆ ಪ್ರತಿ ಸಲ ಹೊಸಬರ ಮುಂದೆ ಮೊದಲಿಂದ ಹೇಳಬೇಕು, ಎಪ್ಪತ್ತರ ಮೇಲಿನ ಹೆಂಗಸು, ಒಂದು ಹೇಳಿದ್ರೆ ಎರಡು ಮರೀತಾರೆ. ವೈದ್ಯಕೀಯ ಪದವಿ ಮುಗಿಸಿದವರಿಗೆ ಒಂದು ವರ್ಷ ಕಡ್ಡಾಯ ಸೇವೆ ಅಂತ 2012ರ ಕಾಯ್ದೆ ಮಾಡಿದ್ದು ಹಳ್ಳಿಗೆ ಡಾಕ್ಟರ್ ಸಿಗಲಿ ಅಂತ, ಒಪ್ಪಿದೆ. ಜ್ವರ, ವಾಂತಿ ಭೇದಿ, ನಾಯಿ ಕಡಿತಕ್ಕೆ ಒಂದು ವರ್ಷದ ಡಾಕ್ಟರ್ ಸಾಕು. ಶುಗರ್ ಹಾಗಲ್ಲ, ಅದು ಬಂದ್ರೆ ನಮ್ಮ ಜೊತೆಗೇ ಹೋಗೋದು. ಜೀವನ ಪೂರ್ತಿ ಇರೋ ಕಾಯಿಲೆಗೆ ವರ್ಷಕ್ಕೊಬ್ಬ ಡಾಕ್ಟರ್ ಅಂದ್ರೆ ಲೆಕ್ಕ ಎಲ್ಲಿ ಕೂಡುತ್ತೆ ಹೇಳಿ.

ನಮ್ಮ ಪೇಟೇಲಿ ಹಿಂದೆ ಒಬ್ಬರು ಹಳೇ ಡಾಕ್ಟರ್ ಇದ್ರು, ಬರೀ ಎಂಬಿಬಿಎಸ್, ಸಂತೆ ಬೀದೀಲಿ ಎರಡು ರೂಮಿನ ಕ್ಲಿನಿಕ್ಕು. ಅವರನ್ನ ದೇವರು ಅಂತ ಹೊಗಳೋಕೆ ಹೇಳ್ತಿಲ್ಲ, ಸಿಡುಕು ಮನುಷ್ಯ, ಬೆಳಗ್ಗೆ ಹನ್ನೊಂದಕ್ಕೆ ಮುಂಚೆ ಬರ್ತಿರಲಿಲ್ಲ, ಎಲ್ಲರ ಮುಂದೇನೇ ಬೈಯೋರು. ಆದರೆ ಅವರು ಮಾಡ್ತಿದ್ದ ಕೆಲಸ ಏನು ಅಂತ ನೋಡಿ. ಅಮ್ಮ ಹೋದ ತಕ್ಷಣ ಮೊದಲು ಕಾಲು ತೋರಿಸಮ್ಮ ಅನ್ನೋರು, ಪಾದದ ಅಡಿ, ಬೆರಳು ಸಂದಿ ಎಲ್ಲಾ ನೋಡಿ, ನಡೀವಾಗ ಚಪ್ಪಲಿ ಕಳಚಿ ಬಿದ್ರೆ ಗೊತ್ತಾಗುತ್ತಾ ಅಂತ ಕೇಳೋರು. ಯಾಕೆ ಅಂತ ಆಗ ನಮಗೆ ಅರ್ಥ ಆಗ್ತಿರಲಿಲ್ಲ, ಶುಗರ್‌ನಿಂದ ನರ ಸತ್ತು ಕಾಲು ಜೋಮು ಹಿಡಿದವರಿಗೆ ಚಪ್ಪಲಿ ಜಾರಿದ್ದೂ ಗೊತ್ತಾಗಲ್ಲವಂತೆ, ಮುಳ್ಳು ಚುಚ್ಚಿದ್ದೂ ಗೊತ್ತಾಗಲ್ಲವಂತೆ, ಆಮೇಲೆ ಗಾಯ, ಗ್ಯಾಂಗ್ರಿನ್, ಬೆರಳು ತೆಗೆಯೋದು. ಅಪ್ಪ ಡಯಾಲಿಸಿಸ್‌ನಲ್ಲಿ ಹೋದವರು ಅಂತ ಅವರಿಗೆ ಗೊತ್ತಿತ್ತು, ಅದಕ್ಕೇ ಅಣ್ಣನಿಗೆ ಬಿಪಿ ಅಂತ ಗೊತ್ತಾದ ದಿನವೇ ಕಿಡ್ನಿ ಹೇಗಿದೆ ಅಂತ ಹೇಳೋ ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿದ್ರು. ಶುಗರ್ ಟೆಸ್ಟಿಗೆ ಹಿಂದಿನ ದಿನ ಊಟ ಬಿಟ್ಟು ಬಂದು ಮೋಸ ಮಾಡೋರನ್ನ ಮುಖ ನೋಡೇ ಹಿಡಿಯೋರು, ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಮಾಡಿಸ್ಕೊಂಡ್ ಬಾ, ಆಮೇಲೆ ಮಾತಾಡು ಅನ್ನೋರು. ಮುದ್ದೆ ತಿಂದ್ರೆ ಶುಗರ್ ಬರಲ್ಲ ಅಂತ ಎರಡು ದೊಡ್ಡ ಮುದ್ದೆ ಹೊಡೀತಿದ್ದ ನಮ್ಮ ಚಿಕ್ಕಪ್ಪನಿಗೆ, ಮುದ್ದೆ ತಿನ್ನಯ್ಯ ಯಾರು ಬೇಡ ಅಂದ್ರು, ಅರ್ಧ ತಿನ್ನು, ಉಳಿದಿದ್ದು ಸೊಪ್ಪು ತಿನ್ನು ಅಂದಿದ್ರು. ನಮ್ಮ ಅಂಗಡೀಲಿ ದಿನಾ ನೋಡ್ತೀನಿ, ಮನೆಗೆ ಮೊದಲು ಪೈಪ್ ಎಳೆದ ಪ್ಲಂಬರ್ ಬಂದ್ರೆ ಸೀದಾ ಜಾಯಿಂಟ್ ಇರೋ ಕಡೆ ಹೋಗ್ತಾನೆ, ಹೊಸಬ ಬಂದ್ರೆ ಗೋಡೆ ಪೂರ್ತಿ ಒಡೀತಾನೆ. ಡಾಕ್ಟರ್ ವಿಷಯದಲ್ಲೂ ಅಷ್ಟೇ. ಅವರಿಗೆ ವಯಸ್ಸಾಗಿ ಕ್ಲಿನಿಕ್ ಮುಚ್ಚಿದ್ರು, ಈಗ ಆ ಜಾಗದಲ್ಲಿ ಒಂದು ಲ್ಯಾಬಿನ ಕಲೆಕ್ಷನ್ ಸೆಂಟರ್ ಇದೆ, ಎಪ್ಪತ್ತು ಚಿಲ್ಲರೆ ಟೆಸ್ಟು ಒಂದೇ ಪ್ಯಾಕೇಜ್ ಅಂತ ಬೋರ್ಡು. ರಿಪೋರ್ಟು ಮೊಬೈಲ್‌ಗೇ ಬರುತ್ತೆ, ಕೆಂಪು ಅಕ್ಷರದಲ್ಲಿರೋದನ್ನ ನೋಡಿ ನಾವು ಗೂಗಲ್ ಮಾಡ್ಕೊಂಡು ಹೆದರೋದು.

ಗೃಹ ಆರೋಗ್ಯದ ವಿಷಯಕ್ಕೆ ಬರ್ತೀನಿ. ಮೂವತ್ತು ದಾಟಿದವರಿಗೆ ಹದಿನಾಲ್ಕು ಕಾಯಿಲೆ ತಪಾಸಣೆ ಅಂತ ಮಾಡಿದೀರಿ, ಸರಿ. ನಮ್ಮ ಬೀದಿಗೆ ಬರೋ ಆಶಾ ಅಕ್ಕನ ಬಗ್ಗೆ ನನಗೆ ಗೌರವ ಇದೆ, ಗೌರವಧನ ಜಾಸ್ತಿ ಮಾಡಿ ಅಂತ 2025ರ ಜನವರಿ ಚಳೀಲಿ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಕೂತಿದ್ರಲ್ಲ, ಅಂಥವರೇ ಇವರು. ಬಿಪಿ ನೋಡಿ, ಜಾಸ್ತಿ ಇದೆ, ಡಾಕ್ಟರ್‌ಗೆ ತೋರಿಸಿ ಅಂತಾರೆ. ಯಾವ ಡಾಕ್ಟರ್‌ಗೆ ಅಂದ್ರೆ ಅವರ ಹತ್ರಾನೂ ಉತ್ತರ ಇಲ್ಲ. ದೇಶದಲ್ಲಿ ಹತ್ತು ಕೋಟಿಗೂ ಮೇಲೆ ಜನರಿಗೆ ಶುಗರ್ ಇದೆ, ವಯಸ್ಕರಲ್ಲಿ ನೂರಕ್ಕೆ 35 ಜನರಿಗೆ ಬಿಪಿ ಇದೆ ಅಂತ ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ 2023ರಲ್ಲೇ ಹೇಳಿದೆ. ಬಯಲುಸೀಮೇಲಿ ಮೂವತ್ತು ಸಾವಿರ ಜನಕ್ಕೆ ಒಂದು ಪಿಎಚ್‌ಸಿ ಅನ್ನೋದು ಸರ್ಕಾರದ ಮಾನದಂಡ. ಅದರಲ್ಲಿ ಇಪ್ಪತ್ತು ಸಾವಿರ ದೊಡ್ಡವರು ಅಂತ ಇಟ್ಕೊಳ್ಳಿ, ಬಿಪಿ ಒಂದೇ ಏಳು ಸಾವಿರ ಜನಕ್ಕೆ ಬಂತು. ಏಳು ಸಾವಿರ ಜನರನ್ನ ಹುಡುಕಿ ಪಟ್ಟಿ ಮಾಡಿ ಒಬ್ಬ ಪ್ರಭಾರ ಡಾಕ್ಟರ್ ಮುಂದೆ ನಿಲ್ಲಿಸಿದ್ರೆ ಆ ಮನುಷ್ಯ ತಾನೇ ಏನು ಮಾಡ್ತಾನೆ, ತಲೆ ಎತ್ತಿ ನೋಡದೆ ಹಳೇ ಚೀಟೀನೇ ಕಾಪಿ ಮಾಡ್ತಾನೆ. ಅವನನ್ನೂ ಬೈಯೋಕೆ ನನಗೆ ಮನಸ್ಸಿಲ್ಲ.

ಆಗದ ಕೆಲಸ ಏನಲ್ಲ ಇದು. ನಮ್ಮ ಅತ್ತಿಬೆಲೆ ದಾಟಿದ್ರೆ ಸಿಗೋ ಕೃಷ್ಣಗಿರಿ ಜಿಲ್ಲೆಯಲ್ಲೇ 2021ರ ಆಗಸ್ಟ್‌ನಲ್ಲಿ ತಮಿಳುನಾಡಿನವರು ಮಕ್ಕಳೈ ತೇಡಿ ಮರುತ್ತುವಂ ಅಂತ ಶುರು ಮಾಡಿದ್ರು, ಬಿಪಿ ಶುಗರ್ ಮಾತ್ರೆ ಮನೆಗೇ ತಲುಪಿಸೋದು, 2024ರಲ್ಲಿ ಅದಕ್ಕೆ ವಿಶ್ವಸಂಸ್ಥೆ ಕಡೆಯಿಂದ ಪ್ರಶಸ್ತಿನೂ ಬಂತು. ಕೇರಳದವರು 2017ರಲ್ಲಿ ಆರ್ದ್ರಂ ಅಂತ ಮಾಡಿ ಪಿಎಚ್‌ಸಿಗಳನ್ನ ಕುಟುಂಬ ಆರೋಗ್ಯ ಕೇಂದ್ರ ಅಂತ ಬದಲಾಯಿಸಿ, ಡಾಕ್ಟರ್ ನರ್ಸ್ ಸಂಖ್ಯೆ ಜಾಸ್ತಿ ಮಾಡಿ, ಸಂಜೆ ಆರರ ತನಕ ಓಪಿಡಿ ಇಟ್ರು. ಕೂಲಿ ಬಿಟ್ಟು ಬರೋಕಾಗದವನಿಗೆ ಸಂಜೆ ಓಪಿಡಿ ಅಂದ್ರೆ ಎಷ್ಟು ದೊಡ್ಡದು ಅಂತ ನಮ್ಮ ಪೇಂಟರ್ ಹುಡುಗನ್ನ ಕೇಳಿ. ಎರಡೂ ಪಕ್ಕದ ರಾಜ್ಯಗಳೇ, ಲಂಡನ್ನಿನ ಮಾತು ನಾನು ಆಡ್ತಿಲ್ಲ.

ಹಾಗಾಗಿ ನನ್ನ ಮನವಿ ಇಷ್ಟು. ಪ್ರತಿ ಮನೆಗೂ ಒಬ್ಬ ಡಾಕ್ಟರ್ ಹೆಸರು, ಅವರ ಜೊತೆ ಒಬ್ಬ ಸಿಎಚ್‌ಓ (ಸಮುದಾಯ ಆರೋಗ್ಯ ಅಧಿಕಾರಿ) ಹೆಸರು, ಫೋನ್ ನಂಬರು ಗೊತ್ತು ಮಾಡಿ ಕಾಗದದ ಮೇಲೆ ಕೊಡಿ. ಡಾಕ್ಟರ್ ಒಬ್ಬರೇ ಎಲ್ಲಾ ಮಾಡೋಕಾಗಲ್ಲ ಅಂತ ಮೇಲಿನ ಲೆಕ್ಕದಲ್ಲೇ ಗೊತ್ತಾಯ್ತು, ಬಿಪಿ ನೋಡೋದು, ಕಾಲು ನೋಡೋದು, ಮಾತ್ರೆ ತಗೊಂಡ್ರಾ ಅಂತ ಕೇಳೋದು ಸಿಎಚ್‌ಓ ಮತ್ತು ನರ್ಸ್ ಮಾಡಲಿ, ಏರುಪೇರು ಇರೋರನ್ನ ಮಾತ್ರ ಡಾಕ್ಟರ್ ಕೂತು ನೋಡಲಿ. ಆದರೆ ಆ ಡಾಕ್ಟರ್ ಕಡೇಪಕ್ಷ ಮೂರು ವರ್ಷ ಅಲ್ಲೇ ಇರಬೇಕು. ಇರಬೇಕು ಅಂತ ಆರ್ಡರ್ ಮಾಡಿದ್ರೆ ಯಾರೂ ಇರಲ್ಲ, ಇರೋಕೆ ಒಂದು ಕಾರಣ ಕೊಡಬೇಕು. ಫ್ಯಾಮಿಲಿ ಮೆಡಿಸಿನ್ ಅಂತಲೇ ಪಿಜಿ ಕೋರ್ಸ್ ಇದೆ, 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲೂ ಅದರ ಮಾತಿದೆ. ದೇಶದಲ್ಲಿ ಹೆಚ್ಚು ಮೆಡಿಕಲ್ ಕಾಲೇಜು ಇರೋ ರಾಜ್ಯಗಳಲ್ಲಿ ನಮ್ಮದೂ ಒಂದು, ಸರ್ಕಾರಿ ಕಾಲೇಜುಗಳಲ್ಲಿ ಆ ಸೀಟು ಜಾಸ್ತಿ ಮಾಡಿ, ಪಿಎಚ್‌ಸಿಯಲ್ಲಿ ನಿಂತು ಕೆಲಸ ಮಾಡಿದವರಿಗೆ ಮೊದಲು ಕೊಡಿ, ತರಬೇತಿಯ ಒಂದಷ್ಟು ಭಾಗ ಅದೇ ಪಿಎಚ್‌ಸಿಯಲ್ಲಿ ಆಗಲಿ. ನಮ್ಮ ಬಾಂಡ್ ಡಾಕ್ಟರ್ ಹುಡುಗಿಗೆ ಇಲ್ಲೇ ಇದ್ಕೊಂಡು ಸ್ಪೆಷಲಿಸ್ಟ್ ಆಗೋ ದಾರಿ ಇದ್ದಿದ್ರೆ ಉಳೀತಿದ್ಲೇನೋ.

ಎರಡನೇದು, ಒಂದು ಬುಕ್ಕು ಬೇಕು. ಬಸುರಿ ಹೆಂಗಸರಿಗೆ ತಾಯಿ ಕಾರ್ಡ್ ಕೊಡ್ತೀರಲ್ಲ, ಯಾವ ಆಸ್ಪತ್ರೆಗೆ ಹೋದ್ರೂ ಮೊದಲು ತಾಯಿ ಕಾರ್ಡ್ ಎಲ್ಲಮ್ಮ ಅಂತಾರೆ, ಅದು ಎಷ್ಟು ಚೆನ್ನಾಗಿ ನಡೀತಿದೆ ನೋಡಿ. ಶುಗರ್ ಬಿಪಿ ಇರೋರಿಗೂ ಅಂಥದ್ದೊಂದು ಕೊಡಿ. ಈಗ ತಗೊಳ್ತಿರೋ ಔಷಧಿ, ಕಂಪನಿ ಹೆಸರಲ್ಲ, ಒಳಗಿರೋ ಔಷಧಿಯ ಹೆಸರು, ಕನ್ನಡದಲ್ಲಿ, ಬೆಳಗ್ಗೆ ರಾತ್ರಿ ಅಂತ. ಹೋದ ಸಲದ ಬಿಪಿ, ಎಚ್‌ಬಿಎ1ಸಿ, ಕ್ರಿಯಾಟಿನಿನ್, ಕಣ್ಣು ಯಾವಾಗ ತೋರಿಸಿದ್ದು, ಕಾಲು ಯಾವಾಗ ನೋಡಿದ್ದು. ಪ್ರೈವೇಟ್ ಆಸ್ಪತ್ರೆಯವರೂ ಅದರಲ್ಲೇ ಬರೀಬೇಕು ಅಂತ ಸುತ್ತೋಲೆ ಹೊರಡಿಸಿ. ಆರೋಗ್ಯದ ದಾಖಲೆ ಕಂಪ್ಯೂಟರಲ್ಲಿ ಇಡೋ ಹದಿನಾಲ್ಕು ಅಂಕಿಯ ಆಭಾ ನಂಬರು ಮಾಡಿಸಿದೀವಿ ಸಾರ್, ಬೇಡ ಅಂತಿಲ್ಲ, ಆದರೆ ಅಮ್ಮನ ಹತ್ರ ಇರೋದು ಬಟನ್ ಫೋನು, ಪಿಎಚ್‌ಸಿಯಲ್ಲಿ ನೆಟ್‌ವರ್ಕ್ ಬಂದಾಗ ಕರೆಂಟ್ ಇರಲ್ಲ. ಕಂಪ್ಯೂಟರ್ ಪಾಡಿಗೆ ಕಂಪ್ಯೂಟರ್ ಇರಲಿ, ಬುಕ್ಕೂ ಇರಲಿ.

ಔಷಧಿ ಬಗ್ಗೆ ಒಂದೇ ಮಾತು. ಬಿಪಿ ನಿಯಂತ್ರಣಕ್ಕೆ ಅಂತ 2017ರಲ್ಲಿ ಶುರುವಾದ ಕೇಂದ್ರದ ಕಾರ್ಯಕ್ರಮದಲ್ಲೇ ಒಂದು ಸಲಕ್ಕೆ ಮೂವತ್ತು ದಿನದ ಮಾತ್ರೆ ಕೊಡಬೇಕು ಅಂತಿದೆ. ನಮ್ಮಲ್ಲಿ ಸ್ಟಾಕ್ ಕಮ್ಮಿ ಅಂತ ಹತ್ತು ದಿನದ್ದು ಕೈಗಿಟ್ಟು ಮತ್ತೆ ಬನ್ನಿ ಅಂತಾರೆ, ಎರಡನೇ ಸಲ ಬಸ್ ಚಾರ್ಜು ಕೊಟ್ಕೊಂಡು ಯಾರೂ ಬರಲ್ಲ, ಮೈಗೆ ಏನೂ ಆಗ್ತಿಲ್ಲವಲ್ಲ ಅಂತ ಮಾತ್ರೆ ಬಿಟ್ಟೇ ಬಿಡ್ತಾರೆ. ಬಿಪಿ ಅನ್ನೋದು ತಲೆನೋವು ಬಂದ್ರೆ ತಾನೇ ಗೊತ್ತಾಗೋದು ಅನ್ಕೊಂಡಿರೋ ಜನ ಇವರು. ಇವತ್ತು ಬಿಟ್ಟ ಒಂದು ರೂಪಾಯಿ ಮಾತ್ರೆ ನಾಳೆ ಹೃದಯ ಜ್ಯೋತಿಯ ಇಂಜೆಕ್ಷನ್ ಖರ್ಚಾಗಿ ನಿಮ್ಮ ಇಲಾಖೆಗೇ ವಾಪಸ್ ಬರುತ್ತೆ.

ಇನ್ನು ತಾಲೂಕು ಪೇಟೆಗಳಲ್ಲಿ ಉಳಿದಿರೋ ಒಬ್ಬಿಬ್ಬರು ಹಳೇ ಎಂಬಿಬಿಎಸ್ ಡಾಕ್ಟರ್‌ಗಳನ್ನೂ ಇದಕ್ಕೆ ಸೇರಿಸ್ಕೊಳ್ಳಿ, ಇಂತಿಷ್ಟು ಮನೆಗೆ ವರ್ಷಕ್ಕೆ ಇಂತಿಷ್ಟು ಅಂತ ಗೊತ್ತು ಮಾಡಿ ಕೊಡಿ, ಟೆಸ್ಟು ಮತ್ತೆ ಮಾತ್ರೆ ಸರ್ಕಾರದ್ದೇ ಇರಲಿ. ತಪಾಸಣೆ ಎಷ್ಟು ಜನಕ್ಕೆ ಆಯ್ತು ಅನ್ನೋ ಲೆಕ್ಕ ನೀವು ಆಗಾಗ ಕೊಡ್ತೀರಿ, ಪೇಪರಲ್ಲಿ ಓದ್ತೀವಿ. ಅವರಲ್ಲಿ ಎಷ್ಟು ಜನರ ಬಿಪಿ ವರ್ಷ ಆದ ಮೇಲೆ ಹತೋಟೀಲಿದೆ, ಎಷ್ಟು ಜನ ಅದೇ ಡಾಕ್ಟರ್‌ನ ಎರಡನೇ ಸಲ ನೋಡಿದಾರೆ ಅನ್ನೋ ಲೆಕ್ಕಾನೂ ಪಿಎಚ್‌ಸಿ ವಾರು ಬೋರ್ಡ್ ಮೇಲೆ ಹಾಕಿಸಿ, ನಾವೇ ಹೋಗಿ ಓದ್ಕೊಳ್ತೀವಿ.

ರಾಜ್ಯ ಪೂರ್ತಿ ಒಂದೇ ಸಲ ಮಾಡಿ ಅಂತ ಕೇಳ್ತಿಲ್ಲ, ಕೋಲಾರದಲ್ಲಿ ಮಾಡಿದ ಹಾಗೆ ಒಂದು ಕಡೆ ಪ್ರಯೋಗ ಮಾಡಿ ನೋಡಿ. ಅಷ್ಟು ಹೆಸರು ಕೆಡಿಸ್ಕೊಂಡ ಮೇಲೆ ನಮ್ಮ ಹಾಸನ ಜಿಲ್ಲೆಯ ಒಂದು ತಾಲೂಕಿಗೆ ಆ ಅವಕಾಶ ಕೇಳೋ ಹಕ್ಕು ನಮಗಿದೆ ಅನ್ಕೊಂಡಿದೀನಿ. ಮುಂದಿನ ಬಜೆಟ್‌ಗೆ ಮುಂಚೆ ಇದು ಆಗುತ್ತೆ ಅಥವಾ ಆಗಲ್ಲ, ಆಗಲ್ಲ ಅಂದ್ರೆ ಯಾಕೆ ಅಂತ ನಿಮ್ಮ ಕಚೇರಿಯಿಂದ ಒಂದು ಉತ್ತರ ಬರಲಿ. ಬಂದ ಉತ್ತರಾನೂ ಈ ಪತ್ರದ ಹಾಗೇ ಎಲ್ಲರೂ ಓದೋ ಹಾಗೆ ಹಾಕ್ತೀನಿ.

ವಂದನೆಗಳೊಂದಿಗೆ,
ಇಂತಿ ತಮ್ಮ ವಿಶ್ವಾಸಿ,
ಹಾಸನ ಜಿಲ್ಲೆಯ ಒಬ್ಬ ಅಂಗಡಿಯವನು